ಬೆಳೆ ಸಮೀಕ್ಷೆ: ತಿದ್ದಿದ್ದು ಯಾರು ಅಂತಲೂ ಆಪ್ ತೋರಿಸಲಿ

ಕಡೂರಿನ ರಾಗಿ ಹೊಲ, ಅಜ್ಜಂಪುರದ ಈರುಳ್ಳಿ, ತರೀಕೆರೆಯ ಅಡಿಕೆ ತೋಟ ಎಲ್ಲವೂ ಈಗ ಬೆಳೆ ಸಮೀಕ್ಷೆಯಲ್ಲಿ ಒಂದೊಂದು ಸಾಲು. ನಿಮ್ಮ ಸರ್ವೆ ನಂಬರ್ ಮುಂದೆ ರಾಗಿ ಅಂತ ಇದ್ದರೆ ಬೆಂಬಲ ಬೆಲೆ ಕೇಂದ್ರದಲ್ಲಿ ನೋಂದಣಿ ಸಲೀಸು. ಬೇರೆ ಬೆಳೆ ಇದ್ದರೆ ಕಚೇರಿ ಅಲೆದಾಟ. ಬೆಳೆ ವಿಮೆಗೂ ಬರ ಪರಿಹಾರಕ್ಕೂ ಇದೇ ದಾಖಲೆ ನೋಡುತ್ತಾರೆ.

ಹಿಂದೆ ಪಹಣಿಯ ಬೆಳೆ ಕಲಂ ಬರೆಯುತ್ತಿದ್ದವರು ಶಾನುಭೋಗರು, ಆಮೇಲೆ ಗ್ರಾಮ ಲೆಕ್ಕಿಗರು. ತಪ್ಪಾದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಈಗ ಹಾಗಿಲ್ಲ. 2020ರ ಮುಂಗಾರಿನಿಂದ ರೈತರೇ ಫೋಟೊ ತೆಗೆದು ಹಾಕಬಹುದು. ಅವರು ಹಾಕದಿದ್ದರೆ ಸಮೀಕ್ಷೆಗೆ ನೇಮಿಸಿದ ಖಾಸಗಿ ನಿವಾಸಿ ಬರುತ್ತಾರೆ. ಅದರ ಮೇಲೆ ಮೇಲ್ವಿಚಾರಕರ ಪರಿಶೀಲನೆ. ಒಬ್ಬರ ಮುಖ ಒಬ್ಬರು ನೋಡದೆಯೇ ಇಷ್ಟು ಜನ ಒಂದೇ ದಾಖಲೆ ಮೇಲೆ ಕೆಲಸ ಮಾಡುತ್ತಾರೆ.

ದೂರದೂರದವರು ಸೇರಿ ಬಳಸುವ ಇಂಥ ಆಪ್ ಕಟ್ಟುವುದಕ್ಕೆ ಒಳ್ಳೆಯ ಸಾಧನಗಳು ಎಂದೋ ಬಂದಿವೆ. ಗೂಗಲ್ ಶೀಟ್ಸ್‌ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅಂತ ಹಿಂದಕ್ಕೆ ಹೋಗಿ ನೋಡಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಪ್ರತಿ ಲೇಖನಕ್ಕೂ ಇತಿಹಾಸದ ಪುಟ ಇದೆ. ಅಕ್ಷರ ಬದಲಾದರೂ ಅಲ್ಲಿ ದಾಖಲಾಗುತ್ತದೆ. ಸಿಗ್ನಲ್ ಇಲ್ಲದ ಕಡೆ ಇಬ್ಬರು ಬೇರೆ ಬೇರೆ ಫೋನಿನಲ್ಲಿ ತಿದ್ದಿದರೂ ಆಮೇಲೆ ಎರಡನ್ನೂ ಜೋಡಿಸುವ ವಿಧಾನ ಇದೆ. 2011ರಲ್ಲಿ ಅದಕ್ಕೆ ಸಿಆರ್‌ಡಿಟಿ ಅಂತ ಹೆಸರು ಬಂತು.

ಆದರೆ ಜೋಡಿಸುವುದಷ್ಟೇ ಯಂತ್ರದ ಕೆಲಸ. ಒಬ್ಬರು ರಾಗಿ ಅಂದು ಇನ್ನೊಬ್ಬರು ಪಾಳು ಅಂದರೆ ಯಾವುದು ನಿಜ ಅಂತ ಸಾಫ್ಟ್‌ವೇರ್ ಹೇಳಲಾರದು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕಿದ ಹೊಲಕ್ಕೆ, ತೆಂಗಿನ ಕೆಳಗೆ ಅಡಿಕೆ, ಮೆಣಸು ಇರುವ ತೋಟಕ್ಕೆ ಒಂದು ಫೋಟೊ ಸಾಲದು. ಅದನ್ನು ಹೇಳಬೇಕಾದವರು ಬೆಳೆದವರು, ಪಕ್ಕದ ಹೊಲದವರು.

ಹಾಗಾಗಿ ನಮ್ಮ ಬೇಡಿಕೆ ಎರಡು. ಒಂದು, ಪ್ರತಿ ಸರ್ವೆ ನಂಬರಿಗೆ ಮೊದಲು ಏನಿತ್ತು, ಯಾರು ಬದಲಿಸಿದರು, ಯಾವ ದಿನ ಬದಲಿಸಿದರು ಎಂಬುದು ಸರಳ ಕನ್ನಡದಲ್ಲಿ ರೈತನ ಫೋನಿನಲ್ಲೇ ಕಾಣಲಿ. ಎರಡು, ಅಂತಿಮ ಮಾಡುವ ಮೊದಲು ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಲಿ. ಫೋನ್ ಇಲ್ಲದ ಅಜ್ಜಿಗೂ ತನ್ನ ಎರಡು ಎಕರೆಯ ಲೆಕ್ಕ ಕಿವಿಗೆ ಬೀಳಲಿ.

ಇದರಿಂದ ಕೆಲಸ ನಿಧಾನ ಆಗುತ್ತದೆ ಅನ್ನುವವರಿದ್ದಾರೆ. ಆಗಲಿ. ಬೇಗ ಬರೆದ ತಪ್ಪನ್ನು ಸರಿಪಡಿಸಲು ರೈತ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಓಡಾಡುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಬೆಳೆ ದರ್ಶಕ್ ಆಪ್‌ನಲ್ಲಿ ನಿಮ್ಮ ಊರು, ಸರ್ವೆ ನಂಬರ್, ಹಿಸ್ಸಾ ಹಾಕಿ ನೋಡಿ. ಸರಿ ಇದ್ದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ತಪ್ಪಿದ್ದರೆ ಬೆಳೆ ಹೊಲದಲ್ಲಿ ಇರುವಾಗಲೇ ಆಕ್ಷೇಪಣೆ ಸಲ್ಲಿಸಿ. ಕೊಯ್ಲಾದ ಮೇಲೆ ತೋರಿಸುವುದಕ್ಕೆ ಕೂಳೆ ಬಿಟ್ಟರೆ ಏನೂ ಉಳಿದಿರುವುದಿಲ್ಲ.