ಚಿಕ್ಕಮ್ಮನಿಗೆ 30 ದಿನ, ಕೋರ್ಟಿಗೆ ಎಷ್ಟು ದಿನ ಬೇಕಾದ್ರೂ

1/7
ಫೋಟೊದಲ್ಲಿರೋದು ನನ್ನ ಚಿಕ್ಕಮ್ಮನ ಡೈರಿ. ಹರಿಹರದಲ್ಲಿ ಮನೇಲೇ ಎರಡು ಮಿಷನ್ ಇಟ್ಕೊಂಡು ಸ್ಕೂಲ್ ಯೂನಿಫಾರ್ಮ್ ಹೊಲೀತಾಳೆ. ಮುಂದಿನ ಪುಟಗಳಲ್ಲಿ ಮಕ್ಕಳ ಅಳತೆ. ಹಿಂದಿನ ಪುಟಗಳಲ್ಲಿ ಬರೀ ತಾರೀಖು, ಒಟ್ಟು 31. ಎಲ್ಲಾ ಕೋರ್ಟಿನ ವಾಯ್ದೆಗಳು.

ಒಬ್ಬ ಅಂಗಡಿಯವರು 1,40,000 ರೂಪಾಯಿಯ ಬಟ್ಟೆ ಹೊಲಿಸ್ಕೊಂಡು ಚೆಕ್ ಕೊಟ್ರು. ಚೆಕ್ ಬೌನ್ಸ್ ಆಯ್ತು. 2022ರ ಜೂನ್‌ನಲ್ಲಿ ಕೇಸ್ ಹಾಕಿದ್ಲು. ಮೂರು ವರ್ಷ ದಾಟ್ತು, ಒಂದು ರೂಪಾಯಿ ಬಂದಿಲ್ಲ. ಯಾವ ಅಂಗಡಿ, ಯಾವ ಕೋರ್ಟು ಅಂತ ಹೇಳಲ್ಲ. ಹೆಸರು ಬೇಕಾಗೂ ಇಲ್ಲ, ನಿಮ್ಮ ಮನೇಲೂ ಇಂಥದ್ದೊಂದು ಡೈರಿ ಇರಬಹುದು.

"ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ" ಅಂತ ನಮ್ಮಜ್ಜ ಹೇಳ್ತಿದ್ದ. ಎಲ್ಲರೂ ಹೌದೌದು ಅಂತ ತಲೆ ಆಡಿಸ್ತೀವಿ. ಈ ಗಾದೆ ಕೇಳಿ ನಿಜವಾಗ್ಲೂ ಖುಷಿಪಡೋನು ಯಾರು ಗೊತ್ತಾ? ದುಡ್ಡು ಕೊಡಬೇಕಾದೋನು.

2/7
ಬಿಕಾಂನೋರಿಗೆ ಇದು ಐದು ಮಾರ್ಕ್ಸ್ ಪ್ರಶ್ನೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, ಸೆಕ್ಷನ್ 138. ನಾನೂ ಬಾಯಿಪಾಠ ಮಾಡಿ ಬರೆದು ಬಂದೋರಲ್ಲಿ ಒಬ್ಬ.

ಚೆಕ್ಕನ್ನ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ ಟೈಮು. ಕೊಡಲಿಲ್ಲ ಅಂದ್ರೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ತಡ ಆದ್ರೆ ಯಾಕೆ ತಡ ಅಂತ ಜಡ್ಜ್‌ಗೆ ಒಪ್ಪೋ ಹಾಗೆ ಕಾರಣ ಕೊಡಬೇಕು.

ಏಳನೇ ಕ್ಲಾಸ್ ಓದಿರೋ ನಮ್ಮ ಚಿಕ್ಕಮ್ಮ ಈ ಎಲ್ಲಾ ಗಡುವನ್ನೂ ಪಾಲಿಸಿದ್ಲು. ಒಂದು ದಿನವೂ ತಪ್ಪಿಸಲಿಲ್ಲ.

3/7
ಈಗ ಕೋರ್ಟಿನ ಗಡುವು ನೋಡಿ. ಅದೇ ಕಾಯ್ದೆ, ಸೆಕ್ಷನ್ 143. ದೂರು ಕೊಟ್ಟ ದಿನದಿಂದ ಆರು ತಿಂಗಳಲ್ಲಿ ವಿಚಾರಣೆ ಮುಗಿಸೋಕೆ ಪ್ರಯತ್ನ ಮಾಡಬೇಕು ಅಂತಿದೆ.

ಪ್ರಯತ್ನ! ಚಿಕ್ಕಮ್ಮನಿಗೆ "30 ದಿನದೊಳಗೆ ನೋಟಿಸ್ ಕೊಡೋಕೆ ಪ್ರಯತ್ನ ಮಾಡಮ್ಮ" ಅಂತ ಯಾರಾದ್ರೂ ಹೇಳಿದ್ರಾ? ನಮಗೆ ಕಬ್ಬಿಣದ ಗಡುವು, ಅವರಿಗೆ ರಬ್ಬರ್ ಗಡುವು. ನನ್ನ ಸಿಟ್ಟೆಲ್ಲಾ ಇಷ್ಟೇ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಚೆಕ್ ಬೌನ್ಸ್ ಕೇಸುಗಳನ್ನ ಬೇಗ ಮುಗಿಸೋದು ಹೇಗೆ ಅಂತ ನಿರ್ದೇಶನ ಕೊಡ್ತು. ಆ ವಿಷಯ ಶುರುವಾಗಿದ್ದೇ 2005ರಲ್ಲಿ ಬೌನ್ಸ್ ಆದ ಎರಡು ಚೆಕ್ಕಿನ ಕೇಸಿಂದ. ಮೊತ್ತ 1,70,000 ರೂಪಾಯಿ. 16 ವರ್ಷ ಆದ್ರೂ ಮುಗಿದಿರಲಿಲ್ಲ. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಈ ಚೆಕ್ಕಿನವೇ.

4/7
31 ವಾಯ್ದೆಗಳ ಲೆಕ್ಕ, ಡೈರಿಯಲ್ಲಿ ಇದ್ದ ಹಾಗೆ:
ಎದುರು ಪಾರ್ಟಿ ವಕೀಲರು ಬೇರೆ ಕೋರ್ಟಲ್ಲಿದ್ದಾರೆ: 11
ಆರೋಪಿ ಬಂದಿಲ್ಲ: 6
ಸಾಹೇಬ್ರು ರಜೆ ಅಥವಾ ವರ್ಗ: 5
ವಕೀಲರ ಕಲಾಪ ಬಹಿಷ್ಕಾರ: 3
ಟೈಮ್ ಆಯ್ತು, ಮುಂದಿನ ಡೇಟ್: 2
ನಿಜವಾಗಿ ಕೆಲಸ ನಡೆದಿದ್ದು: 4

ಮೊದಲನೇ ಸಾಲು ಇನ್ನೊಂದು ಸಲ ಓದಿ. ವಕೀಲರು ಬೇರೆ ಕೋರ್ಟಲ್ಲಿ ಬ್ಯುಸಿ ಅನ್ನೋದು ಮುಂದೂಡೋಕೆ ಕಾರಣವೇ ಅಲ್ಲ ಅಂತ ಹಳೇ ಸಿಆರ್‌ಪಿಸಿ 309ರಲ್ಲಿ ಸ್ಪಷ್ಟವಾಗಿ ಇತ್ತು. 2024ರ ಜುಲೈ 1ಕ್ಕೆ ಜಾರಿಗೆ ಬಂದ ಬಿಎನ್‌ಎಸ್‌ಎಸ್ 346ರಲ್ಲೂ ಇದೆ. ಸುಮ್ಮನೆ ಟೈಮ್ ಕೇಳೋರಿಗೆ ಖರ್ಚು ಕಟ್ಟಿಸೋ ಅಧಿಕಾರವೂ ಜಡ್ಜ್‌ಗೆ ಇದೆ. 11 ಸಲದಲ್ಲಿ ಒಂದು ಸಲವೂ ಕಟ್ಟಿಸಿಲ್ಲ.

ಖರ್ಚು ಕಟ್ಟಿದ್ದು ಚಿಕ್ಕಮ್ಮ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಫ್ರೀ ಆಯ್ತು, ದಿನ ಫ್ರೀ ಆಗಲಿಲ್ಲ. ಮಿಷನ್ ನಿಂತ ದಿನಕ್ಕೆ 500 ಅಂದ್ರೂ 31 ದಿನಕ್ಕೆ 15,500.

5/7
ಕಾಮೆಂಟಲ್ಲಿ ಯಾರೋ ಬರೀತೀರಿ: "ಪಾಪ ಜಡ್ಜ್ ಏನು ಮಾಡ್ತಾರೆ, ಕೇಸ್ ಅಷ್ಟಿವೆ." ಸರಿ, ಒಪ್ತೀನಿ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದ್ರೂ ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇವತ್ತಿಗೂ ಮಂಜೂರಾದ ಹುದ್ದೆ ಲೆಕ್ಕ ಹಾಕಿದ್ರೂ 21ರ ಆಸುಪಾಸು. ದೇಶದ ಎಲ್ಲಾ ಕೋರ್ಟು ಸೇರಿ ಬಾಕಿ ಕೇಸು 5 ಕೋಟಿ ದಾಟಿವೆ. ಜಡ್ಜ್ ಸೋಮಾರಿ ಅಂತ ನಾನು ಹೇಳ್ತಿಲ್ಲ. ಸಂಜೆ ಆರರ ಮೇಲೂ ಫೈಲ್ ಓದೋರನ್ನ ನೋಡಿದೀನಿ.

ನನ್ನ ಪ್ರಶ್ನೆ ಬೇರೆ. ಈ ಕೊರತೆಯ ಭಾರ ಯಾಕೆ ಒಂದೇ ಕಡೆ ಬೀಳುತ್ತೆ? ತಡ ಆದಷ್ಟೂ ದುಡ್ಡು ಇಟ್ಕೊಂಡೋನಿಗೆ ಲಾಭ. ಬಡ್ಡಿ ಇಲ್ಲದ ಸಾಲ ಸಿಕ್ಕ ಹಾಗೆ! ಕಾಯ್ದೆ ಮಾಡಿದೋರಿಗೆ ಇದು ಗೊತ್ತಿತ್ತು. ಅದಕ್ಕೇ 2018ರಲ್ಲಿ 143ಎ ತಂದ್ರು. ಕೇಸ್ ನಡೀತಿರುವಾಗಲೇ ಚೆಕ್ ಮೊತ್ತದ 20%ವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ಚಿಕ್ಕಮ್ಮನ ಲೆಕ್ಕದಲ್ಲಿ 28,000. ಅವಳ ಪರವಾಗಿ ಯಾರೂ ಕೇಳಲಿಲ್ಲ. ಅವಳಿಗೆ ಗೊತ್ತೂ ಇರಲಿಲ್ಲ.

6/7
ಈಗ ಹೊಸ ಮಾತು ಬಂದಿದೆ. "ಲೋಕ ಅದಾಲತ್‌ಗೆ ಬನ್ನಿ, 70,000ಕ್ಕೆ ಮುಗಿಸೋಣ. ಇಲ್ಲಾಂದ್ರೆ ಸೆಷನ್ಸ್‌ಗೆ ಹೋಗ್ತೀವಿ, ಹೈಕೋರ್ಟಿಗೆ ಹೋಗ್ತೀವಿ."

ಹೈಕೋರ್ಟ್ ಅಂದ್ರೆ ಹರಿಹರದೋರಿಗೆ ಬೆಂಗಳೂರು. ತುಂಗಭದ್ರಾ ಸೇತುವೆ ದಾಟಿದ್ರೆ ಕುಮಾರಪಟ್ಟಣಂ, ಅದು ಹಾವೇರಿ ಜಿಲ್ಲೆ, ಅವರಿಗೆ ಧಾರವಾಡ ಪೀಠ. ನಮಗೂ ಧಾರವಾಡವೇ ಹತ್ತಿರ, ಆದ್ರೆ ನಾವು ಹೊಳೆಯ ಈ ಕಡೆ. ಹಾಗಾಗಿ ಆ ಬೆದರಿಕೆ ಕೆಲಸ ಮಾಡುತ್ತೆ.

ಲೋಕ ಅದಾಲತ್ ಕೆಟ್ಟದ್ದಲ್ಲ. ಎರಡೂ ಕಡೆಯವರು ಮನಸಾರೆ ಒಪ್ಪಿದ್ರೆ ಒಳ್ಳೇದೇ. ಆದ್ರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲ್ ಇಲ್ಲ. ಮೂರು ವರ್ಷ ಓಡಾಡಿಸಿ, ಸುಸ್ತು ಮಾಡಿ, ಆಮೇಲೆ ಅರ್ಧ ಬೆಲೆಗೆ ಕೂಗೋದು ರಾಜಿ ಅಲ್ಲ, ಅದು ಆಷಾಢ ಸೇಲು.

7/7
ಸೇವ್ ಮಾಡ್ಕೊಳ್ಳಿ, ಮನೆಯಲ್ಲಿ ಓದಿ ಹೇಳಿ.

ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಲ್ಲಿ ವಕೀಲರು ಸಿಗ್ತಾರೆ. ಎಸ್‌ಸಿ, ಎಸ್‌ಟಿ ಸಮುದಾಯದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೂ ಅಷ್ಟೇ. ಇದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಚಿಕ್ಕಮ್ಮನಿಗೆ ಯಾರೂ ಇದನ್ನ ಹೇಳದೆ, ಓಲೆ ಅಡ ಇಟ್ಟು ಫೀಸ್ ಕೊಟ್ಟಿದ್ದಾಳೆ.

ಚೆಕ್ ಕೇಸಾದ್ರೆ 143ಎ ಅರ್ಜಿ ಹಾಕ್ಸಿ. ಪ್ರತಿ ವಾಯ್ದೆಗೂ ಯಾಕೆ ಮುಂದೂಡಿದ್ರು ಅಂತ ಬರೆದಿಡಿ. ಇಕೋರ್ಟ್ಸ್ ಆಪಲ್ಲಿ ಕೇಸಿನ ಸಿಎನ್‌ಆರ್ ನಂಬರ್ ಹಾಕಿದ್ರೆ ಎಲ್ಲಾ ಡೇಟೂ ಕಾಣುತ್ತೆ. ನಮ್ಮ ಕೈಯಲ್ಲಿ ದಿನಕ್ಕೆ ನಾಲ್ಕು ಗಂಟೆ ಫೋನ್ ಇರುತ್ತೆ, ಅದಕ್ಕೆ ಐದು ನಿಮಿಷ ಕೊಡೋಣ.

ಕೇಳಬೇಕಾದ್ದು ದೊಡ್ಡದೇನಲ್ಲ. ಖಾಲಿ ಹುದ್ದೆ ತುಂಬಿ. ಸುಳ್ಳು ಕಾರಣಕ್ಕೆ ಟೈಮ್ ಕೇಳೋರ ಹತ್ರ ಖರ್ಚು ಕಟ್ಟಿಸಿ, ಆ ದುಡ್ಡು ಕಾದು ಕೂತೋರಿಗೆ ಕೊಡ್ಸಿ. ಆರು ತಿಂಗಳು ಅಂತ ನೀವೇ ಬರೆದಿದ್ದೀರಲ್ಲ, ದಾಟಿದ್ರೆ ಯಾಕೆ ದಾಟ್ತು ಅಂತ ನೀವೂ ಲೆಕ್ಕ ಕೊಡಿ, ನಾವು ಕೊಡೋ ಹಾಗೆ.

70,000ಕ್ಕೆ ಒಪ್ಕೋಬೇಡ ಅಂತ ನಾನು ಚಿಕ್ಕಮ್ಮನಿಗೆ ಹೇಳಿದೀನಿ. ಅವಳು ಹೂಂ ಅಂದಿಲ್ಲ, ಊಹೂಂ ಅನ್ನಲೂ ಇಲ್ಲ. "ಓಲೆ ಬಿಡಿಸ್ಕೋಬೇಕಲ್ಲೋ" ಅಂದ್ಲು. ಮುಂದಿನ ವಾಯ್ದೆ ಮಂಗಳವಾರ. ಕ್ಲಾಸ್ ಬಂಕ್ ಮಾಡಿ ನಾನೂ ಹೋಗ್ತಿದೀನಿ. ಅಟೆಂಡೆನ್ಸ್ ಹೋದ್ರೆ ಹೋಗ್ಲಿ, 32ನೇ ಸಾಲಿನ ಮುಂದೆ ಏನು ಕಾರಣ ಬರೀಬೇಕೋ ನಾನೇ ಕೇಳಿ ಬರೀತೀನಿ.