ಗೆರೆ ಎಳೆಯುವ ಕೈಗೆ ಕರಣೆಯೂ ತಿಳಿದಿರಲಿ

ಮಳೆಗಾಲ ಹಿಡಿಯಿತೆಂದರೆ ಕೂಲಿಕಾರರ ವಠಾರಗಳಲ್ಲಿ ಒಂದೇ ದೂರು. ಕಿಟಕಿಯ ಮೇಲಿನ ಗೋಡೆ ಒದ್ದೆ, ಅದರ ಕೆಳಗೆ ಸುತ್ತಿಟ್ಟ ಹಾಸಿಗೆ ಒದ್ದೆ, ಮಕ್ಕಳ ಪುಸ್ತಕ ಒದ್ದೆ. ಹೋದ ಮಳೆಗಾಲದಲ್ಲಿ ಸಂಘದ ಚಂದಾ ಎತ್ತಲು ಮನೆಮನೆಗೆ ಹೋದಾಗ ನಾವು ಅಂಥದೊಂದು ವಸತಿಯನ್ನು ಕಂಡೆವು. ಅದರ ಹೆಸರು ಇಲ್ಲಿ ಬೇಡ. ಕಟ್ಟಿ ಆರು ವರ್ಷವೂ ಆಗಿಲ್ಲ. ಕಿಟಕಿಗೆ ಸಜ್ಜಾ ಇದೆ, ಸಿಮೆಂಟು ಗಟ್ಟಿಯಾಗಿದೆ, ಬಣ್ಣವೂ ಬಳಿದಿದೆ. ಆದರೂ ನೀರು ಒಳಗೆ ಬರುತ್ತಿದೆ. ನಮ್ಮೊಡನಿದ್ದ ಹಿರಿಯ ಗೌಂಡಿಯೊಬ್ಬರು ಸಜ್ಜಾದ ಅಡಿಗೆ ಕೈಯಾಡಿಸಿ ನೋಡಿ, “ಇಲ್ಲಿ ಗೀರು ಹಾಕಿಲ್ಲ ಮೇಷ್ಟ್ರೇ, ನೀರು ಇನ್ನೆಲ್ಲಿಗೆ ಹೋದೀತು?” ಎಂದರು.

ವಿಷಯ ಇಷ್ಟೇ. ಸಜ್ಜಾದ ಅಡಿಯಲ್ಲಿ, ಹೊರತುದಿಯಿಂದ ಎರಡು ಬೆರಳಿನಷ್ಟು ಒಳಗೆ, ಉದ್ದಕ್ಕೂ ಬೆರಳು ದಪ್ಪದ ಒಂದು ಗೀರು ಬಿಡಬೇಕು. ಮಳೆಯ ನೀರು ತುದಿಯನ್ನು ದಾಟಿ, ಅಡಿಗೆ ಅಂಟಿಕೊಂಡು, ಗೋಡೆಯ ಕಡೆಗೆ ಹರಿದು ಬರುತ್ತದೆ. ದಾರಿಯಲ್ಲಿ ಗೀರು ಸಿಕ್ಕಿದರೆ ಅಲ್ಲಿಯೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಸಿಕ್ಕದಿದ್ದರೆ ಗೋಡೆಯನ್ನು ಸೇರುತ್ತದೆ. ಇದಕ್ಕೆ ಖರ್ಚೆಂಬುದೇ ಇಲ್ಲ. ಗಾರೆ ಹಸಿಯಾಗಿರುವಾಗ ಒಂದು ಮರದ ಪಟ್ಟಿಯನ್ನು ಒತ್ತಿ ತೆಗೆದರೆ ಮುಗಿಯಿತು. ಕಾಸಿನ ಖರ್ಚಿಲ್ಲದ ಕೆಲಸ ತಪ್ಪಿದ್ದಕ್ಕೆ ನೂರಾರು ಸಂಸಾರಗಳು ವರ್ಷವರ್ಷವೂ ಶೀತದಲ್ಲಿ ಮಲಗಬೇಕಾಗಿದೆ.

ತಪ್ಪು ಯಾರದು? ಗೌಂಡಿಯನ್ನು ಕೇಳಿದರೆ ನಕ್ಷೆಯಲ್ಲಿ ಇರಲಿಲ್ಲ ಎನ್ನುತ್ತಾನೆ. ಗುತ್ತಿಗೆದಾರನೂ ಅದನ್ನೇ ಹೇಳಿ, ನಕ್ಷೆಯಲ್ಲಿ ಇಲ್ಲದ ಕೆಲಸಕ್ಕೆ ತಾನು ಹೊಣೆಯಲ್ಲ ಎಂದು ಸೇರಿಸುತ್ತಾನೆ. ನಕ್ಷೆ ಬರೆದ ವಾಸ್ತುಶಿಲ್ಪಿ ಆ ಬಾಗಿಲಿಗೆ ಬಂದವನೇ ಅಲ್ಲ. ಅವನನ್ನು ಕೆಟ್ಟವನೆಂದು ನಾವು ಹೇಳುವುದಿಲ್ಲ. ಅವನಿಗೆ ವಿದ್ಯೆ ಕಲಿಸಿದ ಕ್ರಮದಲ್ಲಿಯೇ ದೋಷವಿದೆ ಎಂಬುದು ನಮ್ಮ ಅಭಿಪ್ರಾಯ. ಆದುದರಿಂದಲೇ ಕಾಲೇಜಿನ ಪಾಠಕ್ರಮದ ಮಾತನ್ನು ಗಿರಣಿ ಕಾರ್ಮಿಕರೂ ಅಂಗಡಿಕಾರರೂ ಓದುವ ಈ ಪತ್ರಿಕೆಯಲ್ಲಿ ಎತ್ತಿಕೊಂಡಿದ್ದೇವೆ.

ಒಂದು ಸಣ್ಣ ಲೆಕ್ಕ ನೋಡಿ. ಮನೆಯ ನಕ್ಷೆಯನ್ನು ಸಾಮಾನ್ಯವಾಗಿ ನಿಜ ಅಳತೆಯ 50ರಲ್ಲಿ 1 ಪಾಲಿಗೋ 100ರಲ್ಲಿ 1 ಪಾಲಿಗೋ ಇಳಿಸಿ ಬರೆಯುತ್ತಾರೆ. 1 ಸೆಂಟಿಮೀಟರಿನ ಗೀರು 50ರ ನಕ್ಷೆಯಲ್ಲಿ 1 ಮಿಲಿಮೀಟರಿನ ಐದನೆಯ ಒಂದು ಪಾಲಾಗುತ್ತದೆ. ಮೊಂಡಾದ ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪ! ಅಂದರೆ ಮನೆಯನ್ನು ಒಣಗಿಸಿಡುವ ವಸ್ತು ನಕ್ಷೆಯ ಗೆರೆಯೊಳಗೇ ಮುಳುಗಿಹೋಗುತ್ತದೆ. ಕಿಟಕಿಯ ಚೌಕಟ್ಟು ಗೋಡೆಯನ್ನು ಸೇರುವ ಸಂದು, ಮೆಟ್ಟಿಲಿನ ಎತ್ತರ, ಅಂಗಡಿಯ ಷಟರು ನೆಲಕ್ಕೆ ಕೂಡುವ ಜಾಗ, ಛಾವಣಿಯ ನೀರಿನ ಕೊಳವೆಯ ಬಾಯಿ, ಇವೆಲ್ಲವುಗಳ ಗತಿಯೂ ಅದೇ. ಆ ಕಸುಬಿನವರು ಇವುಗಳಿಗೆ ‘ಡೀಟೇಲ್’ ಎನ್ನುತ್ತಾರೆ. ಇವನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆಯಬೇಕು. ಆದರೆ ಎಂದೂ ಕೈಯಿಂದ ಮಾಡಿ ನೋಡದವನು ಬರೆಯುವುದಾದರೂ ಏನನ್ನು? ಹಿಂದಿನವರ ಹಾಳೆಯಿಂದ ನಕಲು ಮಾಡುತ್ತಾನೆ. ಈಗ ಕಂಪ್ಯೂಟರಿನ ಪರದೆಯ ಮೇಲೆ ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದು, ನಿಜ. ಆದರೆ ಪರದೆಯ ಮೇಲೆ ಮಳೆ ಬೀಳುವುದಿಲ್ಲ, ಅಲ್ಲಿಯ ಇಟ್ಟಿಗೆಗೆ ಭಾರವೂ ಇಲ್ಲ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ಒಂದು ಸಂಗತಿ ನೆನಪಾಗುತ್ತದೆ. ಒಂದು ಮೀಟರಿಗೆ ನೂರು ಸೆಂಟಿಮೀಟರು ಎಂದು ತರಗತಿಯ ಮಕ್ಕಳೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. “ಹಾಗಾದರೆ ಒಂದು ಮೀಟರು ಎಷ್ಟು ಉದ್ದ, ಕೈ ಚಾಚಿ ತೋರಿಸಿ” ಎಂದರೆ ಒಬ್ಬ ಮೊಳದಷ್ಟು ತೋರಿಸಿದ, ಇನ್ನೊಬ್ಬ ಮಾರಿನಷ್ಟು ತೋರಿಸಿದ. ಬಟ್ಟೆ ಅಂಗಡಿಯವರ ಹುಡುಗನೊಬ್ಬ ಮಾತ್ರ ಸರಿಯಾಗಿ ತೋರಿಸಿದ. ಅವನು ಅಂಗಡಿಯಲ್ಲಿ ದಿನವೂ ಅಳೆಯುತ್ತಿದ್ದ. ಕೈಗೆ ಗೊತ್ತಾಗದ ಅಳತೆ ತಲೆಗೂ ಗೊತ್ತಿಲ್ಲವೆಂದೇ ತಿಳಿಯಬೇಕು.

ವಾಸ್ತುಶಿಲ್ಪದ ವಿದ್ಯಾರ್ಥಿಯ ಸ್ಥಿತಿಯೂ ಇದೇ. ಇಂದಿನ ಸರ್ಕಾರಿ ಅಳತೆಯ ಇಟ್ಟಿಗೆ 19 ಸೆಂಟಿಮೀಟರು ಉದ್ದ. ಗಾರೆಯ ಸಂದು ಸೇರಿ 20. ಮೂರು ಮೀಟರಿನ ಗೋಡೆಗೆ ಸಾಲಿಗೆ ಹದಿನೈದು ಇಟ್ಟಿಗೆ ಸಲೀಸಾಗಿ ಕೂರುತ್ತವೆ. ವಿದ್ಯಾರ್ಥಿ ಹಾಳೆಯ ಮೇಲೆ ಮೂರು ಮೀಟರು ಏಳು ಸೆಂಟಿಮೀಟರು ಎಂದು ಬರೆದನೆನ್ನಿ. ಅವನಿಗೆ ಅದು ಬರಿಯ ಅಂಕಿ. ಗೌಂಡಿಗೋ, ಸಾಲುಸಾಲಿಗೂ ಒಂದು ಇಟ್ಟಿಗೆ ಕಡಿಯುವ ಕೆಲಸ. ಕಡಿದ ಚೂರು ಕಸಕ್ಕೆ, ಹೊತ್ತು ದಂಡ, ಗೋಡೆಯ ಕಟ್ಟೂ ಸಡಿಲ. ಆ ವಿದ್ಯಾರ್ಥಿಗೆ ಒಂದು ಬೆಳಗಿನ ಹೊತ್ತು ಕರಣೆ ಕೊಟ್ಟು, ತೂಕದ ಗುಂಡು ಕೊಟ್ಟು, ತನ್ನ ನಕ್ಷೆಯ ಗೋಡೆಯನ್ನು ತಾನೇ ಏರಿಸು ಎಂದರೆ ಸಾಕು. ಜೀವಮಾನದಲ್ಲಿ ಮತ್ತೆ ಆ ಏಳು ಸೆಂಟಿಮೀಟರನ್ನು ಬರೆಯಲಾರ. ನಿಜ ಅಳತೆಯ ಮಾದರಿ ಕಟ್ಟಿಸುವುದೆಂದರೆ ಇದೇ. ಇಡೀ ಮನೆ ಬೇಡ. ಒಂದು ಮೂಲೆ, ಒಂದು ಕಿಟಕಿ, ಅದರ ಮೇಲೊಂದು ಸಜ್ಜಾ. ಕಟ್ಟಲಿ, ಕೊಡದಿಂದ ನೀರು ಸುರಿದು ನೋಡಲಿ, ಸೋರಿದರೆ ಒಡೆದು ಮತ್ತೆ ಕಟ್ಟಲಿ.

ಇದು ಹೊಸ ಮಾತೇನೂ ಅಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಜರ್ಮನಿಯ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬುವರು ಬೌಹೌಸ್ ಎಂಬ ಶಾಲೆಯನ್ನು ತೆರೆದರು. ಅಲ್ಲಿ ಪ್ರತಿ ಕಾರ್ಯಶಾಲೆಗೂ ಇಬ್ಬರು ಗುರುಗಳು: ರೂಪವನ್ನು ಕಲಿಸಲು ಒಬ್ಬ ಕಲಾವಿದ, ಕೆಲಸವನ್ನು ಕಲಿಸಲು ಒಬ್ಬ ಕಸುಬುದಾರ. 1923ರಲ್ಲಿ ಆ ಶಾಲೆಯವರು ಒಂದು ಪೂರ್ತಿ ಮನೆಯನ್ನೇ ಕಟ್ಟಿಸಿ, ಪೀಠೋಪಕರಣ, ದೀಪ, ಜಮಖಾನೆಗಳನ್ನು ತಮ್ಮ ಕಾರ್ಯಶಾಲೆಗಳಲ್ಲಿ ಮಾಡಿ, ಜನರಿಗೆ ತೆರೆದು ತೋರಿಸಿದರು.

ಮುಂದೆ ಶಾಲೆ ಡೆಸ್ಸಾವ್ ನಗರಕ್ಕೆ ಹೋಯಿತು. 1928ರಲ್ಲಿ ಹಾನ್ನೆಸ್ ಮೇಯರ್ ಅದರ ಮುಖ್ಯಸ್ಥರಾದರು. ಶ್ರೀಮಂತರ ವಿಲಾಸಕ್ಕಲ್ಲ, ಜನಸಾಮಾನ್ಯರ ಅಗತ್ಯಕ್ಕೆ ಕಟ್ಟಬೇಕೆಂಬುದು ಅವರ ನಿಲುವು. ಬರ್ಲಿನ್ ಬಳಿಯ ಬೆರ್ನಾವ್‌ನಲ್ಲಿ ಜರ್ಮನಿಯ ಕಾರ್ಮಿಕ ಸಂಘಗಳ ಒಕ್ಕೂಟಕ್ಕಾಗಿ ಒಂದು ಶಾಲೆಯನ್ನು ಮೇಯರ್ ಮತ್ತು ಹಾನ್ಸ್ ವಿಟ್ವರ್ ರೂಪಿಸಿದರು. ಬೌಹೌಸ್‌ನ ವಿದ್ಯಾರ್ಥಿಗಳು ಆ ಕೆಲಸದಲ್ಲಿ ಪಾಲುಗೊಂಡು ಕಲಿತರು. 1930ರಲ್ಲಿ ಅದು ತೆರೆಯಿತು. ಒಂದು ಸಲಕ್ಕೆ 120 ಮಂದಿ ಕಾರ್ಮಿಕರು ಅಲ್ಲಿ ಇದ್ದು ಓದಬಹುದಾಗಿತ್ತು. ಅದೇ ಸುಮಾರಿಗೆ ಡೆಸ್ಸಾವ್‌ನ ಟೋರ್ಟೆನ್ ಬಡಾವಣೆಯಲ್ಲಿ ಮೇಯರ್ ಅವರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಕೂಡಿ ರೂಪಿಸಿದ ಕೆಂಪು ಇಟ್ಟಿಗೆಯ ಐದು ಕಟ್ಟಡಗಳು ಎದ್ದವು: 90 ಮನೆಗಳು, ಒಂದೊಂದೂ ಸುಮಾರು 48 ಚದರ ಮೀಟರು, ಮಹಡಿಗೊಂದು ಉದ್ದದ ಮೊಗಸಾಲೆ, ಅದರಿಂದ ಒಬ್ಬೊಬ್ಬರ ಮನೆಗೆ ಬಾಗಿಲು. ಮುಂಬಯಿಯ ಚಾಳುಗಳನ್ನು ಕಂಡ ನಮ್ಮವರಿಗೆ ಇದರ ಗುರುತು ಹತ್ತುತ್ತದೆ. ಮೇಯರ್ ಅವರನ್ನು ಕಮ್ಯೂನಿಸ್ಟರ ಪಕ್ಷಪಾತಿಯೆಂದು 1930ರಲ್ಲಿಯೇ ತೆಗೆದುಹಾಕಿದರು. 1933ರಲ್ಲಿ ನಾಜಿಗಳು ಕಾರ್ಮಿಕರ ಶಾಲೆಯನ್ನು ಕಿತ್ತುಕೊಂಡರು. ಬೌಹೌಸ್ ಕೂಡ ಆ ವರ್ಷವೇ ಮುಚ್ಚಿತು. ಆದರೆ ಕಟ್ಟಡಗಳು ನಿಂತಿವೆ. 2017ರಲ್ಲಿ ಯುನೆಸ್ಕೋದವರು ಬೆರ್ನಾವ್ ಶಾಲೆಯನ್ನೂ ಟೋರ್ಟೆನ್ ಮನೆಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ಆ ಶಾಲೆಯ ಒಂದು ಕುಂದನ್ನೂ ಹೇಳಬೇಕು. ವೈಮಾರ್‌ನ ದಿನಗಳಲ್ಲಿ ಗುರುಗಳ ಮಂಡಳಿಯಲ್ಲಿ ಕಲಾವಿದರಿಗೆ ಇದ್ದ ಮತಾಧಿಕಾರ ಕಸುಬುದಾರ ಗುರುಗಳಿಗೆ ಇರಲಿಲ್ಲ. ಕೈಯ ಕೆಲಸವನ್ನು ಬಾಯಿತುಂಬ ಹೊಗಳಿದ ಶಾಲೆಯೂ ಕೆಲಸಗಾರನನ್ನು ಸಮನಾಗಿ ಕೂರಿಸಲಿಲ್ಲ. ಈ ಪಾಠವನ್ನು ನಾವು ಮರೆಯಬಾರದು.

ನಿಜ ಅಳತೆಯ ಮಾದರಿ ದುಬಾರಿಯಾಯಿತು, ಬಡ ದೇಶಕ್ಕೆ ಒಗ್ಗದು ಎನ್ನುವವರಿಗೆ ಇನ್ನೊಂದು ಕಥೆ ಹೇಳುತ್ತೇವೆ. 1912ರ ಸುಮಾರಿಗೆ ಹಾಲೆಂಡ್ ದೇಶದಲ್ಲಿ ಕ್ರೋಲರ್-ಮುಲ್ಲರ್ ಎಂಬ ಭಾರಿ ವ್ಯಾಪಾರಿ ದಂಪತಿಗಳು ಒಂದು ಮಹಲನ್ನು ಕಟ್ಟಿಸಲು ಬಯಸಿದರು. ಮುಂದೆ ಬೌಹೌಸ್‌ನ ಕೊನೆಯ ಮುಖ್ಯಸ್ಥರಾದ ಮೀಸ್ ವಾನ್ ಡೆರ್ ರೋಹೆ ಆಗ ತರುಣ. ಅವರು ನಕ್ಷೆ ಮಾಡಿದರು. ಮಹಲು ಹೇಗೆ ಕಾಣುವುದೋ ನೋಡೋಣವೆಂದು ಮರ ಮತ್ತು ಬಟ್ಟೆಯಿಂದ ಅದರ ಪೂರ್ತಿ ಅಳತೆಯ ಮಾದರಿಯನ್ನು ಬಯಲಿನಲ್ಲಿ ನಿಲ್ಲಿಸಲಾಯಿತು. ನೋಡಿದರು, ಒಪ್ಪಲಿಲ್ಲ, ಮಹಲನ್ನು ಕಟ್ಟಿಸಲೇ ಇಲ್ಲ. ಸಿರಿವಂತನಿಗೆ ತನ್ನ ಮನೆಯನ್ನು ಮೊದಲು ಬಟ್ಟೆಯಲ್ಲಿ ಕಂಡು ಬೇಡವೆನ್ನುವ ಸೌಕರ್ಯವಿದೆ. ಕಾರ್ಮಿಕನಿಗೆ ಮಾತ್ರ ತನ್ನ ಮನೆಯೇ ಪ್ರಯೋಗದ ಮಾದರಿ, ತನ್ನ ಮಕ್ಕಳೇ ಅದರ ಪರೀಕ್ಷಕರು. ನೂರು ಮನೆಯ ವಸತಿ ಕಟ್ಟುವ ಮೊದಲು ಒಂದು ಕಿಟಕಿಯನ್ನು ನಿಜ ಅಳತೆಯಲ್ಲಿ ಕಟ್ಟಿ ನೀರು ಸುರಿದು ನೋಡುವುದು ದುಬಾರಿಯೋ, ನೂರು ಮನೆ ಸೋರುವುದು ದುಬಾರಿಯೋ ಎಂಬುದನ್ನು ವಾಚಕರೇ ಲೆಕ್ಕ ಹಾಕಲಿ.

ನಮ್ಮ ನಾಡಿನಲ್ಲಿಯೂ ಮೇಲ್ಪಂಕ್ತಿ ಇಲ್ಲದಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅದರ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಯ ನಡುವೆಯೇ ಕೆಲಸಕ್ಕೆ ನಿಂತರು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಸ್ವಲ್ಪ ಸಿಮೆಂಟು ಬೆರೆಸಿದ ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ, ಸುಡದ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿದರು. ಅಮೆರಿಕದ ಅಲಬಾಮಾ ರಾಜ್ಯದ ಬಡ ಸೀಮೆಯೊಂದರಲ್ಲಿ 1993ರಿಂದ ಆಬರ್ನ್ ವಿಶ್ವವಿದ್ಯಾನಿಲಯದ ವಾಸ್ತುಶಿಲ್ಪದ ವಿದ್ಯಾರ್ಥಿಗಳು ತಾವೇ ರೂಪಿಸಿದ ಮನೆಗಳನ್ನು ತಮ್ಮ ಕೈಯಿಂದಲೇ ಕಟ್ಟಿದ್ದಾರೆ. ಆಗದ ಕೆಲಸವೇನೂ ಇದಲ್ಲ.

ಆದರೆ ನಮ್ಮ ಸಂಗಾತಿಗಳಲ್ಲಿ ಕೆಲವರು ನ್ಯಾಯವಾದ ಒಂದು ಆಕ್ಷೇಪವನ್ನು ಎತ್ತಿದ್ದಾರೆ. ಕಾಲೇಜಿನ ಹುಡುಗರು ಪುಕ್ಕಟೆ ಗೋಡೆ ಕಟ್ಟಲು ನಿಂತರೆ ಗೌಂಡಿಯ ಕೂಲಿ ಏನಾಗಬೇಕು? ಮಾತು ಸರಿ. ಕಲಿಕೆಯ ಹೆಸರಿನಲ್ಲಿ ಗುತ್ತಿಗೆದಾರನಿಗೆ ಬಿಟ್ಟಿ ಆಳು ಒದಗಿಸುವುದನ್ನು ನಾವು ಎಂದಿಗೂ ಒಪ್ಪಲಾರೆವು. ವಿದ್ಯಾರ್ಥಿ ಕಟ್ಟಬೇಕಾದುದು ಕಾಲೇಜಿನ ಅಂಗಳದಲ್ಲಿ, ಗುತ್ತಿಗೆದಾರನ ಸೈಟಿನಲ್ಲಲ್ಲ. ಅಂಗಳದಲ್ಲಿ ಮಣ್ಣಿನ ಗಾರೆಯಲ್ಲಿ ಕಟ್ಟಿದರೆ ಬಿಚ್ಚಿದ ಇಟ್ಟಿಗೆ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಸಾಮಾನಿನ ಖರ್ಚೂ ಕಡಿಮೆ. ಅಲ್ಲಿ ಗೌಂಡಿ ಕೂಲಿ ಕಳೆದುಕೊಳ್ಳುವುದಿಲ್ಲ. ಗುರುವಾಗಿ ಸಂಬಳ ಪಡೆಯುತ್ತಾನೆ.

ಇಂದಿನ ಸ್ಥಿತಿ ಹೇಗಿದೆ? 1972ರ ಕಾಯಿದೆ ಬಂದಂದಿನಿಂದ ನೋಂದಾಯಿಸಿಕೊಂಡವರು ಮಾತ್ರ ವಾಸ್ತುಶಿಲ್ಪಿ ಎಂಬ ಹೆಸರನ್ನು ಧರಿಸಬಹುದು. ಅದಕ್ಕೆ ಐದು ವರ್ಷದ ಓದು. ಓದಿನಲ್ಲಿ ಕಟ್ಟಡ ನಿರ್ಮಾಣವೆಂಬ ವಿಷಯವೂ ಇದೆ, ಆದರೆ ಹೆಚ್ಚಿನ ಕಡೆ ಅದು ಹಾಳೆಯ ಮೇಲೆ ಶುರುವಾಗಿ ಹಾಳೆಯ ಮೇಲೆಯೇ ಮುಗಿಯುತ್ತದೆ. ನಲವತ್ತು ವರ್ಷ ಗೋಡೆ ಏರಿಸಿದ ಗೌಂಡಿ ಪದವಿಯಿಲ್ಲವೆಂದು ಆ ಕಾಲೇಜಿನ ಅಧ್ಯಾಪಕನಾಗಲಾರ. ಕಟ್ಟಿಸುವವನ ವಿದ್ಯೆ ಒಂದು ಕಡೆ, ಕಟ್ಟುವವನ ವಿದ್ಯೆ ಇನ್ನೊಂದು ಕಡೆ. ನಡುವಿನ ಬಿರುಕಿನಿಂದ ನೀರು ಇಳಿದು ನಮ್ಮ ಹಾಸಿಗೆಯ ಮೇಲೆ ಬೀಳುತ್ತಿದೆ.

ಆದಕಾರಣ ನಮ್ಮ ಬೇಡಿಕೆ ಮೂರು. ಒಂದನೆಯದು, ರಾಜ್ಯದ ಪ್ರತಿಯೊಂದು ವಾಸ್ತುಶಿಲ್ಪ ಕಾಲೇಜಿನಲ್ಲಿಯೂ ಕಟ್ಟುವ ಅಂಗಳವಿರಬೇಕು. ತನ್ನ ನಕ್ಷೆಯ ಒಂದು ಮೂಲೆಯನ್ನಾದರೂ ನಿಜ ಅಳತೆಯಲ್ಲಿ ಕಟ್ಟಿ ನೀರಿನ ಪರೀಕ್ಷೆಯಲ್ಲಿ ಗೆಲ್ಲದ ವಿದ್ಯಾರ್ಥಿಗೆ ಪದವಿ ಕೊಡಬಾರದು. ಎರಡನೆಯದು, ಗೌಂಡಿ, ಬಡಗಿ, ಕಮ್ಮಾರರನ್ನು ಅಲ್ಲಿ ಗುರುಗಳಾಗಿ ನೇಮಿಸಬೇಕು. ಅಂಕ ಹಾಕುವ ಅಧಿಕಾರವನ್ನೂ ಸಭೆಯಲ್ಲಿ ಮತವನ್ನೂ ಕೊಡಬೇಕು. ಅವರ ಸಂಬಳಕ್ಕೆ ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಗೆ ಯಾರೂ ಕೈ ಹಾಕಕೂಡದು. ಅದು ಕಾರ್ಮಿಕರ ಕಾಯಿಲೆ ಕಸಾಲೆಗೆ, ಮುಪ್ಪಿಗೆ ಇರುವ ಹಣ. ಫೀಜು ಎತ್ತುವ ಕಾಲೇಜುಗಳೇ ಸಂಬಳ ಕೊಡಲಿ. ಮೂರನೆಯದು, ಸಾರ್ವಜನಿಕ ಹಣದಲ್ಲಿ ಕಟ್ಟುವ ಯಾವ ವಸತಿಯಲ್ಲಾಗಲಿ, ಸಂತೆಯ ಅಂಗಡಿ ಸಾಲಿನಲ್ಲಾಗಲಿ, ಮೊದಲು ಒಂದು ಕೋಣೆಯನ್ನು ಮಾದರಿಯಾಗಿ ಕಟ್ಟಿ, ಅಲ್ಲಿ ಬಾಳತಕ್ಕವರನ್ನು ಕರೆದು ತೋರಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಉಳಿದವನ್ನು ಕಟ್ಟಬೇಕು.

ಗಿರಣಿಯ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಈ ಮೂರು ಮಾತುಗಳನ್ನು ಗೊತ್ತುವಳಿಯಾಗಿ ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ, ಹೊಸ ಮನೆಯ ಬೀಗದ ಕೈ ಕೊಡಲು ಬಂದವರನ್ನು ಸಜ್ಜಾದ ಕೆಳಗೆ ನಿಲ್ಲಿಸಿ, ಮೇಲಿನಿಂದ ಒಂದು ಕೊಡ ನೀರು ಸುರಿದು ನೋಡಿ. ನೀರು ಗೋಡೆಗೆ ಹತ್ತಿದರೆ ಬೀಗದ ಕೈಯನ್ನು ಹಿಂದಕ್ಕೆ ಕೊಡಿ.