ಸಾಲಿ ನಮ್ಮದು, ಠರಾವೂ ನಮ್ಮದಾಗಲಿ

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 39ನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತ್ತು. ಬೆಳಗಾವಿ ವಿಭಾಗದಿಂದ ಆ ಪಟ್ಟಿಗೆ ಸೇರಿದ್ದು ಐದೇ ತಾಲ್ಲೂಕು. ಒಂದು ಕಲಘಟಗಿ. ಉಳಿದ ನಾಲ್ಕೂ ನಮ್ಮ ವಿಜಾಪುರ ಜಿಲ್ಲೆಯವೇ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಆ ವರ್ಷ ಒಂದನೇ ಇಯತ್ತೆಗೆ ಹೆಸರು ಹಚ್ಚಿದ ಕೂಸು ಇವತ್ತು ತಾನೇ ತಾಯಿಯೋ ತಂದೆಯೋ ಆಗಿ, ತನ್ನ ಮಗುವಿನ ಕೈ ಹಿಡಿದು ಅದೇ ಸಾಲಿಯ ಬಾಗಿಲಿಗೆ ಬರುತ್ತಿದೆ. ಒಂದು ತಲೆಮಾರು ಕಳೆಯಿತು. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಹೊಸ ತಾಲ್ಲೂಕುಗಳಾದವು, ಕಚೇರಿಗಳ ಫಲಕ ಬದಲಾದವು. ಗಣಿತದ ಮಾಸ್ತರರಿಗಾಗಿ ಕಾಯುವ ಮಕ್ಕಳು ಮಾತ್ರ ಇನ್ನೂ ಕಾಯುತ್ತಲೇ ಇದ್ದಾರೆ.

ಭೀಮೆಯ ಆಚೆ ದಂಡೆಯ ಅಫಜಲಪುರವೂ ಅದೇ 39ರ ಪಟ್ಟಿಯಲ್ಲಿತ್ತು. ಅದು ಕಲಬುರಗಿ ಜಿಲ್ಲೆ. ಹಾಗಾಗಿ ಸಂವಿಧಾನದ 371ಜೆ ವಿಧಿ ಅಲ್ಲಿಗೆ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಅಲ್ಲಿನ ಸಾಲಿಗಳಿಗೆ ಹರಿಯಿತು. ಈಚೆ ದಂಡೆ ಹಿಂದೆ ನಿಜಾಮರ ಸೀಮೆಯಾಗಿರದೆ ಮುಂಬೈ ಪ್ರಾಂತಕ್ಕೆ ಸೇರಿತ್ತು ಎಂಬ ಕಾರಣಕ್ಕೆ ನಮ್ಮ ಮಕ್ಕಳು ಹೊರಗುಳಿದರು. ಆಚೆಯ ಮಕ್ಕಳಿಗೆ ಸಿಕ್ಕಿದ್ದು ನ್ಯಾಯವೇ, ಇನ್ನೂ ಹೆಚ್ಚು ಸಿಗಲಿ. ಆದರೆ ನಮಗೆ ವಿಶೇಷ ವಿಧಿಯಿಲ್ಲ, ಮಂಡಳಿಯಿಲ್ಲ. ಇರುವವರು ಹೆತ್ತವರು, ಅಷ್ಟೇ.

ಆ ಹೆತ್ತವರ ಕೈಯಲ್ಲಿ ಏನೂ ಇಲ್ಲವೆಂದು ಯಾರು ಹೇಳಿದರು? 2001ರಲ್ಲೇ ಸರ್ಕಾರ ಆದೇಶ ಹೊರಡಿಸಿ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮಾಡಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಅದರ 21ನೇ ಕಲಮಿನಂತೆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆ ತಾಯಂದಿರು, ಒಟ್ಟಾರೆ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ದುರ್ಬಲ ವರ್ಗದವರ ಮಕ್ಕಳು ಎಷ್ಟಿದ್ದಾರೋ ಆ ಪ್ರಮಾಣದಲ್ಲಿ ಅವರ ಪೋಷಕರೂ ಕೂಡಬೇಕು. 22ನೇ ಕಲಮಂತೂ ಇನ್ನೂ ದೊಡ್ಡ ಮಾತು: ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ, ಸರ್ಕಾರದ ಯೋಜನೆ ಮತ್ತು ಅನುದಾನಕ್ಕೆ ಅದೇ ಆಧಾರ. ಅಂದರೆ ಕಾನೂನಿನ ಪ್ರಕಾರ ಶಿಕ್ಷಣ ನೀತಿಯ ಮೊದಲ ಪುಟ ಬರೆಯಬೇಕಾದವರು ಹೊಲದಿಂದ ಕೈ ತೊಳೆದು ಬಂದ ನಾವು.

ನಡೆಯುತ್ತಿರುವುದೇನು? ಮಧ್ಯಾಹ್ನ ಮೂರರ ಸುಮಾರಿಗೆ ಠರಾವು ಪುಸ್ತಕ ಓಣಿಗೆ ಬರುತ್ತದೆ. ಅದನ್ನು ಹೊತ್ತು ತಂದವನು ಏಳನೇ ಇಯತ್ತೆಯ ಹುಡುಗ. ರೊಟ್ಟಿ ಬಡಿಯುತ್ತಿದ್ದ ತಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹುಡುಗ ಬೆರಳಿಟ್ಟು ತೋರಿಸಿದ ಗೆರೆಯ ಮೇಲೆ ಹೆಸರು ಬರೆಯುತ್ತಾಳೆ. ಮೇಲೆ ಏನು ಬರೆದಿದೆ ಎಂದು ಅವಳು ಕೇಳುವುದಿಲ್ಲ, ಅವಳಿಗೆ ಯಾರೂ ಓದಿ ಹೇಳುವುದೂ ಇಲ್ಲ. ‘ನಮಗೇನ ತಿಳೀತದ್ರೀ, ಹೇಳಿದಲ್ಲಿ ಸಹಿ ಮಾಡೂದು.’ ತಾಯೀ, ಆ ಗೆರೆಯ ಮೇಲಿರುವುದು ನಿನ್ನ ಮಗಳ ಶೌಚಾಲಯದ ದುಡ್ಡು, ನಿನ್ನ ಮಗನ ತಾಟಿನ ಊಟದ ಲೆಕ್ಕ. ಓದಿಸದ ಹೊರತು ಸಹಿ ಹಾಕಬೇಡ. ಓದಲು ಬರದಿದ್ದರೆ ಪುಸ್ತಕ ತಂದ ಹುಡುಗನಿಂದಲೇ ಗಟ್ಟಿಯಾಗಿ ಓದಿಸು. ಅವನ ಓದು ಎಷ್ಟರಮಟ್ಟಿಗೆ ಬಂದಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಗಂಡಸರಿಗೂ ಒಂದು ಮಾತಿದೆ. ಎಸ್‌ಡಿಎಂಸಿ ಅಧ್ಯಕ್ಷಗಿರಿಯನ್ನು ಪಂಚಾಯಿತಿ ಚುನಾವಣೆಯ ತಾಲೀಮು ಮಾಡಿಕೊಳ್ಳಬೇಡಿ. ಪಾರ್ಟಿ, ಜಾತಿ, ಗೌಡಕಿ ಎಲ್ಲವನ್ನೂ ಸಾಲಿಯ ಗೇಟಿನ ಹೊರಗೆ ಬಿಟ್ಟು ಒಳಗೆ ಬನ್ನಿ. ಹೆಂಡತಿ ಸದಸ್ಯೆಯಾದರೆ ಅವಳ ಕುರ್ಚಿಯಲ್ಲಿ ಗಂಡ ಕೂಡುವುದು ನಾಚಿಕೆಗೇಡು.

ದಸರಾ ಮುಗಿದು ಕಾರ್ಖಾನೆಗಳ ಗಾಣ ತಿರುಗತೊಡಗಿದರೆ ನಮ್ಮ ಊರುಗಳಿಂದ ಟ್ರ್ಯಾಕ್ಟರುಗಳು ಹೊರಡುತ್ತವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ, ಬೆಂಗಳೂರಿಗೆ. ಹಾಸಿಗೆ, ಪಾತ್ರೆ, ಹಿಟ್ಟಿನ ಚೀಲಗಳ ನಡುವೆ ಮಕ್ಕಳೂ ಕೂತಿರುತ್ತಾರೆ. ದೊಡ್ಡ ಹುಡುಗಿ ಹೋಗುವುದು ಚಿಕ್ಕದನ್ನು ಎತ್ತಿಕೊಳ್ಳಲು. ಇತ್ತ ಹಾಜರಿ ಕುಸಿಯುತ್ತದೆ; ಮಕ್ಕಳು ಕಡಿಮೆಯಾದರು ಎಂದು ಮಾಸ್ತರರ ಹುದ್ದೆ ಬೇರೆಡೆ ಹೋಗುತ್ತದೆ; ಮಾಸ್ತರರಿಲ್ಲ ಎಂದು ಉಳಿದವರೂ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತುತ್ತಾರೆ. ಕೊನೆಗೆ ಸಣ್ಣ ಶಾಲೆ ವಿಲೀನದ ಮಾತು ಏಳುತ್ತದೆ. ಬಡತನಕ್ಕೆ ಶಾಲೆಯನ್ನೇ ದಂಡವಾಗಿ ಕಟ್ಟುವ ಈ ಸುತ್ತನ್ನು ಮುರಿಯುವ ಜಾಗ ಒಂದಿದೆ, ಅದೇ ಶಾಲಾಭಿವೃದ್ಧಿ ಯೋಜನೆ. ನಮ್ಮೂರಿಂದ ಯಾವ ತಿಂಗಳು ಎಷ್ಟು ಮನೆ ಗುಳೆ ಹೋಗುತ್ತವೆ ಎಂಬುದು ಧಾರವಾಡದ ಅಪರ ಆಯುಕ್ತರ ಕಚೇರಿಗೆ ತಿಳಿಯದು, ನಮಗೆ ತಿಳಿದಿದೆ. ಅದನ್ನು ಬರೆದು, ಆ ತಿಂಗಳುಗಳಿಗೆ ಊರಲ್ಲೇ ಋತುಮಾನ ವಸತಿ ಶಾಲೆ ಬೇಕೆಂದು ಕೇಳಿ. ಯೋಜನೆಯನ್ನು ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ ಸಿದ್ಧಮಾಡಬೇಕು ಎನ್ನುತ್ತವೆ ಕೇಂದ್ರದ ಮಾದರಿ ನಿಯಮಗಳು. ಆದ್ದರಿಂದ ಪೋಷಕರ ಸಭೆ ಟ್ರ್ಯಾಕ್ಟರು ಹೊರಡುವ ಮೊದಲೇ ಆಗಬೇಕು. ಇಲ್ಲದಿದ್ದರೆ ಯಾರ ಮಕ್ಕಳಿಗಾಗಿ ಯೋಜನೆಯೋ ಅವರೇ ಸಭೆಯಲ್ಲಿ ಇರುವುದಿಲ್ಲ.

ಒಂದೊಂದೇ ಊರು ಹೋಗಿ ಬಿಇಒ ಕಚೇರಿಯಲ್ಲಿ ಕೈಕಟ್ಟಿ ನಿಂತರೆ ಒಬ್ಬ ಅತಿಥಿ ಶಿಕ್ಷಕ ಸಿಕ್ಕಾನು. ಅದೂ ಪಕ್ಕದ ಊರಿನಿಂದ ಕಿತ್ತು ಕೊಟ್ಟದ್ದಾಗಿರಬಹುದು. ಖಾಲಿ ಹುದ್ದೆ, ವರ್ಗಾವಣೆ, ಬಜೆಟ್ಟು ಇವು ಒಂದು ಊರಿನ ಕೈಗೆ ಎಟಕುವಂಥವಲ್ಲ. ಕ್ಲಸ್ಟರಿನ ಸಮಿತಿಗಳು ಕೂಡಬೇಕು, ತಾಲ್ಲೂಕಿಗೊಂದು ಒಕ್ಕೂಟವಾಗಬೇಕು, ನಾಲ್ಕೂ ತಾಲ್ಲೂಕು ಒಂದೇ ದನಿಯಲ್ಲಿ ಕೇಳಬೇಕು. ರಾಜ್ಯಮಟ್ಟದಲ್ಲಿ ಎಸ್‌ಡಿಎಂಸಿ ಸಮನ್ವಯ ವೇದಿಕೆ ಬಹಳ ವರ್ಷಗಳಿಂದ ಇದೆ, ಶಿಕ್ಷಣ ತಜ್ಞ ವಿ.ಪಿ. ನಿರಂಜನಾರಾಧ್ಯ ಅದರ ಬೆನ್ನಿಗೆ ನಿಂತವರು. ದಾರಿ ಗೊತ್ತಿರುವವರು ಇದ್ದಾರೆ, ನಡೆಯಬೇಕಾದವರು ನಾವು.

ಇದು ನಮ್ಮ ಮಣ್ಣಿಗೆ ಹೊಸದೂ ಅಲ್ಲ. ಫ.ಗು. ಹಳಕಟ್ಟಿಯವರು ಮತ್ತವರ ಜೊತೆಗಾರರು 1910ರಲ್ಲಿ ವಿಜಾಪುರದಲ್ಲಿ ಬಿಎಲ್‌ಡಿಇ ಸಂಸ್ಥೆ ಹುಟ್ಟುಹಾಕಿದಾಗ ಯಾವ ಸರ್ಕಾರದ ಸುತ್ತೋಲೆಗೂ ಕಾಯಲಿಲ್ಲ. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ರಾಜ್ಯದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕೂಲಿ ಮಾಡುವ ಹೆಣ್ಣುಮಕ್ಕಳು ಸಂಘ ಕಟ್ಟಿ ಅಧಿಕಾರಿಯ ಎದುರು ಕುರ್ಚಿ ಎಳೆದು ಕೂತು ಮಾತಾಡುವುದನ್ನು ಕಲಿತರು. ಆ ಅಜ್ಜಿಯರು, ಅತ್ತೆಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರನ್ನು ಸಭೆಗೆ ಕರೆತನ್ನಿ.

ದನಿ ಎತ್ತಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2021ರ ಡಿಸೆಂಬರಿನಲ್ಲಿ ವಿಜಾಪುರವೂ ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು. ಕೆಲವು ಮಠಾಧೀಶರು ಬೇಡವೆಂದಾಗ ಗಂಗಾವತಿಯ ಶಾಲಾ ಹುಡುಗಿಯರು ನಮಗೆ ಬೇಕು ಎಂದು ನೇರವಾಗಿ ಹೇಳಿದರು. ಮೊಟ್ಟೆ ನಿಲ್ಲಲಿಲ್ಲ, ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯುವ ಸುತ್ತೋಲೆ ಹೊರಟಾಗ ಜನ ಸಿಟ್ಟಾದರು, ಕೆಲವೇ ದಿನಗಳಲ್ಲಿ ಅದು ವಾಪಸಾಯಿತು. ಮಕ್ಕಳು ಮಾತಾಡಿದ್ದಾರೆ. ಹೆತ್ತವರಾದ ನಾವು ಎಷ್ಟು ದಿನ ಬಾಯಿ ಕಟ್ಟಿಕೊಂಡು ಕೂಡೋಣ?

ಈಗ ಇನ್ನೊಂದು ಹೊತ್ತು ಬಂದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಒಪ್ಪಿಸಿದೆ. ಐದನೇ ತರಗತಿಯವರೆಗೆ ಕನ್ನಡ ಅಥವಾ ತಾಯ್ನುಡಿಯಲ್ಲಿ ಕಲಿಕೆ, ದ್ವಿಭಾಷಾ ನೀತಿ ಮುಂತಾದ ಶಿಫಾರಸುಗಳು ಅದರಲ್ಲಿವೆ. ಒಪ್ಪುತ್ತೀರೋ ಬಿಡುತ್ತೀರೋ, ಚಡಚಣದ ಗಡಿಯಲ್ಲಿ ಕನ್ನಡ ಮರಾಠಿ ಎರಡೂ ಕೇಳಿ ಬೆಳೆಯುವ ಮಕ್ಕಳ ಹೆತ್ತವರಿಗೆ ಈ ಬಗ್ಗೆ ಹೇಳಲು ಏನೂ ಇಲ್ಲವೇ? ಬೆಂಗಳೂರಿನವರೇ ಎಲ್ಲ ಹೇಳಿ ಮುಗಿಸುವವರೆಗೆ ಸುಮ್ಮನಿರಬೇಡಿ.

ಈ ಶನಿವಾರವೇ ಸಾಲಿಗೆ ಹೋಗಿ ಕೇಳಿ: ನಮ್ಮ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು, ಈ ವರ್ಷದ ಯೋಜನೆ ಎಲ್ಲಿದೆ? ಮಕ್ಕಳನ್ನು ಎಣಿಸಿ, ಮಾಸ್ತರರನ್ನು ಎಣಿಸಿ. ಐದನೆಯವರೆಗೆ ಅರವತ್ತು ಮಕ್ಕಳಿಗೆ ಇಬ್ಬರು ಇರಲೇಬೇಕು, ಆರರಿಂದ ಎಂಟಕ್ಕೆ ವಿಜ್ಞಾನ ಮತ್ತು ಗಣಿತಕ್ಕೆಂದೇ ಒಬ್ಬರು ಬೇಕು ಎಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಕಡಿಮೆ ಇದ್ದರೆ 32ನೇ ಕಲಮಿನಡಿ ಲಿಖಿತ ದೂರು ಕೊಡಿ, ಮೂರು ತಿಂಗಳೊಳಗೆ ತೀರ್ಮಾನಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಠರಾವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಒಂದು ಪ್ರತಿ ಬಿಇಒಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ನಿಮ್ಮ ಶಾಸಕರಿಗೆ. ಮತ್ತೊಂದನ್ನು ಪಕ್ಕದೂರಿನ ಸಮಿತಿಗೆ ಕೈಯಾರೆ ಒಯ್ದು ಕೊಟ್ಟು, ಅವರದನ್ನು ಇಸಿದುಕೊಂಡು ಬನ್ನಿ.